ಬರುವುದೇ ಇಲ್ಲ ಎಂದಿದ್ದ ಹನ್ನೊಂದನೇ ಸಾಲು

ಏಪ್ರಿಲ್ ತಿಂಗಳ ಒಂದು ದಿನ, ಬೆಳಗಿನ ಆರಕ್ಕೇ ಫೋನು. "ಮೇಷ್ಟ್ರೇ, ನಿಮ್ಮ ಹುಡುಗ್ರು ಮಾಡಿಕೊಟ್ಟಿದ್ದು ಮಷೀನೋ ಮಳೆರಾಯನೋ? ರಾತ್ರಿಯೆಲ್ಲ ಟ್ಯಾಂಕ್ ತುಂಬಿ ರಸ್ತೇಲಿ ಹರಿದಿದೆ. ಸಂಪಿನಾಗೆ ಒಂದು ಚೊಂಬು ನೀರಿಲ್ಲ. ಬಂದು ನೋಡ್ರಿ."

ದಾವಣಗೆರೆಯ ಬೇಸಿಗೆ ಕಂಡವರಿಗೆ ಈ ಮಾತಿನ ಖಾರ ವಿವರಿಸಬೇಕಿಲ್ಲ. ಪಾಲಿಕೆಯ ನಲ್ಲಿ ದಿನಾ ಬರುವುದಿಲ್ಲ. ಬಂದ ದಿನ ಸಂಪ್ ತುಂಬಿಸಿಕೊಳ್ಳಬೇಕು, ಸಾಲದ್ದಕ್ಕೆ ಬೋರ್‌ವೆಲ್ ನೀರು ಬೆರೆಸಬೇಕು. ಅಂಥ ಊರಿನಲ್ಲಿ ಒಬ್ಬರ ಮನೆಯ ನೀರು ಬೀದಿಯಲ್ಲಿ ಹರಿದರೆ ಅಕ್ಕಪಕ್ಕದವರು ಬೈಯುವುದು ನೀರಿಗಾಗಿ ಅಲ್ಲ, ಕೊಬ್ಬಿಗಾಗಿ.

ನಾನು ಡಿಜಿಟಲ್ ಎಲೆಕ್ಟ್ರಾನಿಕ್ಸ್ ಪಾಠ ಮಾಡುವವನು. ಫೋನ್ ಮಾಡಿದವರ ಕಟ್ಟಡ ವಿದ್ಯಾನಗರದ ಕಡೆಯದು: ಮೂರು ಅಂತಸ್ತು, ಓದುವ ಹುಡುಗರಿಗೆ ಬಾಡಿಗೆಗೆ ಕೊಟ್ಟ ರೂಮುಗಳು. ಯಜಮಾನರಿಗೆ ಎಪ್ಪತ್ತು ದಾಟಿದೆ. ದಿನಕ್ಕೆರಡು ಸಲ ಮೆಟ್ಟಿಲು ಹತ್ತಿ ಟ್ಯಾಂಕ್ ಇಣುಕಿ ನೋಡಿ, ಇಳಿದು ಬಂದು ಮೋಟರ್ ಹಾಕುವುದು ಅವರಿಂದ ಆಗುತ್ತಿರಲಿಲ್ಲ. ನನ್ನ ಇಬ್ಬರು ವಿದ್ಯಾರ್ಥಿಗಳು ಇದನ್ನೇ ಪ್ರಾಜೆಕ್ಟ್ ಮಾಡಿಕೊಂಡು ಜನವರಿ ಕೊನೆಯಲ್ಲಿ ಪಂಪನ್ನು ತಾನೇ ಹಾಕಿ ತಾನೇ ಆರಿಸುವ ಡಬ್ಬಿ ಕೂರಿಸಿದ್ದರು. ಒಬ್ಬ ಹರಪನಹಳ್ಳಿಯವನು, ಇನ್ನೊಬ್ಬಳು ಹೊಳಲ್ಕೆರೆಯವಳು. ಇಲ್ಲಿ ಅವರನ್ನು ಊರಿನಿಂದಲೇ ಕರೆಯುತ್ತೇನೆ. ಡಬ್ಬಿಯ ಒಳಗಿನ ತರ್ಕಕ್ಕೆ ಸೈ ಎಂದು ಸಹಿ ಹಾಕಿದವನು ನಾನು. ಹಾಗಾಗಿ ಈ ಪ್ರಕರಣದಲ್ಲಿ ನನ್ನದೂ ಪಾಲಿದೆ, ಬಹುಶಃ ದೊಡ್ಡ ಪಾಲೇ.

ಮೈಕ್ರೋಕಂಟ್ರೋಲರ್ ಬೇಡ, ಬರೀ ಗೇಟುಗಳಲ್ಲೇ (0, 1 ನೋಡಿ 0 ಅಥವಾ 1 ಉತ್ತರ ಕೊಡುವ ಸಣ್ಣ ಸರ್ಕ್ಯೂಟುಗಳು) ಮಾಡಿ ಎಂದು ಹೇಳಿದ್ದೂ ನಾನೇ. ತರಗತಿಯಲ್ಲಿ ಕೆ-ಮ್ಯಾಪ್ (ಕಾರ್ನೋ ಮ್ಯಾಪ್, ತರ್ಕದ ಸೂತ್ರವನ್ನು ಚಿಕ್ಕದು ಮಾಡುವ ಚೌಕಮನೆ) ಬಿಡಿಸುವುದಕ್ಕೂ ಬೋರ್ಡಿನ ಮೇಲೆ ತಂತಿ ಬೆಸೆಯುವುದಕ್ಕೂ ನಡುವಿನ ದಾರಿ ಅವರಿಗೆ ಕಾಣಲಿ ಎಂಬ ಆಸೆ.

ಲೆಕ್ಕ ಸಣ್ಣದು. ನಾಲ್ಕು ಇನ್‌ಪುಟ್: ಟ್ಯಾಂಕಿನ ಮೇಲಿನ ಸೆನ್ಸರ್ ಮ, ಕೆಳಗಿನ ಸೆನ್ಸರ್ ಕ, ಸಂಪಿನಲ್ಲಿ ನೀರಿದೆಯೇ ಎನ್ನುವ ಸ, ಪಂಪ್ ಈಗ ಓಡುತ್ತಿದೆಯೇ ಎನ್ನುವ ಪ. ನೀರು ತಾಗಿದ್ದರೆ 1, ಇಲ್ಲದಿದ್ದರೆ 0. ಸಂಪ್ ಖಾಲಿಯಾದರೆ ಪಂಪ್ ನಿಲ್ಲಬೇಕು. ಟ್ಯಾಂಕಿನಲ್ಲಿ ಕೆಳಗಿನ ಸೆನ್ಸರೂ ಒಣಗಿದರೆ ಶುರುವಾಗಬೇಕು. ಮೇಲಿನದು ತೊಯ್ದರೆ ನಿಲ್ಲಬೇಕು. ಎರಡರ ನಡುವೆ ನೀರಿದ್ದಾಗ ಮೊದಲು ಹೇಗಿತ್ತೋ ಹಾಗೇ ಇರಬೇಕು, ಇಲ್ಲದಿದ್ದರೆ ಒಂದು ಬಕೆಟ್ ನೀರು ಖರ್ಚಾದಾಗಲೆಲ್ಲ ಮೋಟರ್ ಕುಟುಕು ಕುಟುಕು ಎನ್ನುತ್ತದೆ.

ನಾಲ್ಕು ಇನ್‌ಪುಟ್ಟಿಗೆ ಟ್ರೂತ್ ಟೇಬಲ್ಲಿನಲ್ಲಿ (ಯಾವ ಇನ್‌ಪುಟ್ಟಿಗೆ ಯಾವ ಉತ್ತರ ಎಂಬ ಪಟ್ಟಿ) ಹದಿನಾರು ಸಾಲು, 0ಯಿಂದ 15ರವರೆಗೆ. ಅದರಲ್ಲಿ ಮ 1 ಆಗಿ ಕ 0 ಆಗಿರುವ ಸಾಲುಗಳು ನಾಲ್ಕು: 8, 9, 10, 11. ಮೇಲಿನ ಸೆನ್ಸರ್ ನೀರಿನಲ್ಲಿದೆ, ಕೆಳಗಿನದು ಗಾಳಿಯಲ್ಲಿದೆ. ನೀರು ಹಾಗೆ ನಿಲ್ಲುವುದಿಲ್ಲ. "ಇದು ಬರೋದೇ ಇಲ್ಲ, ಡೋಂಟ್ ಕೇರ್ ಹಾಕಿ" ಎಂದು ನಾನೇ ಅವರ ಪುಸ್ತಕದಲ್ಲಿ ನಾಲ್ಕು × ಬರೆದಿದ್ದೆ. ಅಂದರೆ ಅಲ್ಲಿ ಉತ್ತರ 0 ಆದರೂ ಸರಿ, 1 ಆದರೂ ಸರಿ. ಮ್ಯಾಪ್ ಹೀಗಿತ್ತು, ಅಡ್ಡಕ್ಕೆ ಸ-ಪ, ಕ್ರಮ 00, 01, 11, 10:

ಮ-ಕ 00 : 0 0 1 1
ಮ-ಕ 01 : 0 0 1 0
ಮ-ಕ 11 : 0 0 0 0
ಮ-ಕ 10 : × × × ×

ಮೇಲಿನ ಸಾಲಿನ ಎರಡು 1ಗಳಿಗೆ ಕೆಳತುದಿಯ ಸಾಲಿನ ಎರಡು × ಪಕ್ಕದ ಮನೆಯವೇ, ಏಕೆಂದರೆ ಮ್ಯಾಪಿನ ಮೇಲಂಚು ಕೆಳಂಚು ಅಂಟಿಕೊಂಡಿರುತ್ತವೆ. ಆ ನಾಲ್ಕನ್ನು ಗುಂಪು ಮಾಡಿದರೆ ಮ ಬಿದ್ದುಹೋಗಿ ಸ·ಕ′ ಉಳಿಯುತ್ತದೆ. ಉಳಿದ ಒಂದು 1 ಅನ್ನು ಅದರ ಮೇಲಿನ 1ರ ಜೊತೆ ಸೇರಿಸಿದರೆ ಸ·ಮ′·ಪ. ಒಟ್ಟು:

ಪ = ಸ·ಕ′ + ಸ·ಮ′·ಪ

(ಕ′ ಎಂದರೆ ತರಗತಿಯಲ್ಲಿ ಓದುವಂತೆ ಕ ಬಾರ್, ಅಂದರೆ ಕ-ದ ಉಲ್ಟಾ. · ಎಂದರೆ ಮತ್ತು, + ಎಂದರೆ ಅಥವಾ. ಎಡಗಡೆಯ ಪ ಮುಂದಿನ ಕ್ಷಣದ್ದು, ಬಲಗಡೆಯದು ಈಗಿನದು.) × ಬಳಸದೆ, ಅಂದರೆ ನಾಲ್ಕನ್ನೂ 0 ಎಂದುಕೊಂಡರೆ ಮೊದಲ ಪದ ಸ·ಮ′·ಕ′ ಆಗುತ್ತಿತ್ತು. ಆರು ಅಕ್ಷರದ ಜಾಗದಲ್ಲಿ ಐದು. ಹೊಳಲ್ಕೆರೆಯ ಹುಡುಗಿ ಇದನ್ನು ಬಿಡಿಸಿದಾಗ ನಾನು "ಭೇಷ್" ಎಂದಿದ್ದೆ.

ಹರಪನಹಳ್ಳಿಯವನು ಅದೇ ಲೆಕ್ಕವನ್ನು, ಮ್ಯಾಪಿನ ಬದಲು ಕೋಷ್ಟಕ ಹಾಕಿ ಬಿಡಿಸುವ ಕ್ವೈನ್-ಮೆಕ್‌ಕ್ಲಸ್ಕಿ ವಿಧಾನದಲ್ಲಿ ಮಾಡಿ ಇನ್ನೊಂದು ಪದ ಹೆಚ್ಚಿಗೆ ತಂದಿದ್ದ: ಮ·ಕ′. ಎಲ್ಲರೂ ಒಮ್ಮೆಯಾದರೂ ಮಾಡುವ ತಪ್ಪು ಅದು. ಆ ವಿಧಾನದಲ್ಲಿ × ಸಾಲುಗಳನ್ನು ಗುಂಪು ಕಟ್ಟುವಾಗ ಸೇರಿಸಿಕೊಳ್ಳಬೇಕು, ಕೊನೆಗೆ ಯಾವ ಗುಂಪು ಬೇಕೇ ಬೇಕು ಎಂದು ಆರಿಸುವ ಕೋಷ್ಟಕದಲ್ಲಿ ಅವಕ್ಕೆ ಕಾಲಂ ಇಡಬಾರದು. ಇವನು ಇಟ್ಟ. 8 ಮತ್ತು 9ನ್ನು ಮುಚ್ಚಲು ಮ·ಕ′ ಬಿಟ್ಟರೆ ಬೇರೆ ಪದವಿಲ್ಲ, ಹಾಗಾಗಿ ಅದು ಅನಿವಾರ್ಯ ಎಂದು ಬಂತು. ನಾನು ಕೆಂಪು ಶಾಯಿಯಲ್ಲಿ "ಅನವಶ್ಯಕ ಪದ" ಎಂದು ಬರೆದು ಒಂದು ಅಂಕ ಕಳೆದೆ.

ಈಗ ನೆನೆದರೆ ನಾಚಿಕೆಯಾಗುವುದು ಆ ಅಂಕಕ್ಕಲ್ಲ, ಕೊಟ್ಟ ಕಾರಣಕ್ಕೆ. ಆ ಪದದಲ್ಲಿ ಸ ಎಂಬ ಅಕ್ಷರವೇ ಇಲ್ಲ. ಅದು ಬೋರ್ಡಿಗೆ ಹೋಗಿದ್ದರೆ ಸೆನ್ಸರ್ ಕೆಟ್ಟ ರಾತ್ರಿ ಸಂಪ್ ಖಾಲಿಯಾದ ಮೇಲೂ ಪಂಪ್ ಒಣಗಿಯೇ ಓಡುತ್ತಿತ್ತು. ನಾನು ಕಂಡದ್ದು ಉದ್ದ ಮಾತ್ರ. ಇನ್ನೂ ಹೇಳಬೇಕೆಂದರೆ, ನಾಲ್ಕು × ಇದ್ದಾಗ ಒಂದೇ ವಿವರಣೆಗೆ ಹದಿನಾರು ಬೇರೆ ಬೇರೆ ಸರ್ಕ್ಯೂಟುಗಳು ಸರಿಯುತ್ತರ. ಅವನದ್ದೂ ಅದರಲ್ಲಿ ಒಂದು. ಟ್ರೂತ್ ಟೇಬಲ್ ಪ್ರಕಾರ ಅವನು ತಪ್ಪೇ ಮಾಡಿರಲಿಲ್ಲ.

ಕೂರಿಸಿದ್ದು ಐದಕ್ಷರದ ರೂಪವನ್ನೇ. ಬೋರ್ಡಿನಲ್ಲಿ ಒಂದು 74ಎಚ್‌ಸಿ10, ಅಂದರೆ ಮೂರು ಇನ್‌ಪುಟ್ಟಿನ ಮೂರು ನ್ಯಾಂಡ್ ಗೇಟು: ಎರಡು ಪದಗಳಿಗೆ ಒಂದೊಂದು, ಸೇರಿಸಲು ಒಂದು. ಜೊತೆಗೆ 74ಎಚ್‌ಸಿ14, ಆರು ಶ್ಮಿಟ್ ಇನ್ವರ್ಟರ್ (0ಯನ್ನು 1, 1ನ್ನು 0 ಮಾಡುವವು). ನೀರು ನಿಧಾನವಾಗಿ ಏರಿಳಿಯುವುದರಿಂದ ಸಾದಾ ಇನ್ವರ್ಟರ್ ಹಾಕಿದರೆ ನಡುವಿನ ವೋಲ್ಟೇಜಿನಲ್ಲಿ ಒದ್ದಾಡುತ್ತದೆ. ಐದು ವೋಲ್ಟ್ ಸಪ್ಲೈ, ಕೊನೆಗೆ ಟ್ರಾನ್ಸಿಸ್ಟರ್, ರಿಲೇ, ಕಾಂಟ್ಯಾಕ್ಟರ್. ಸೆನ್ಸರ್ ಎಂದರೆ ಸ್ಟೀಲ್ ಕಡ್ಡಿಗಳು. ಟ್ಯಾಂಕಿನ ತಳದಲ್ಲಿ ಪ್ಲಸ್ ಕೊಟ್ಟ ಒಂದು ಕಾಮನ್ ಕಡ್ಡಿ, ಬೇಕಾದ ಎತ್ತರದಲ್ಲಿ ಬೇರೆ ಎರಡು. ನೀರು ಮುಟ್ಟಿದರೆ ಕಡ್ಡಿ ಮೇಲೇಳುತ್ತದೆ, ಇಲ್ಲದಿದ್ದರೆ ನೂರು ಕಿಲೋ ಓಮ್ ರೆಸಿಸ್ಟರ್ ಅದನ್ನು ಕೆಳಗೆಳೆಯುತ್ತದೆ. ಲ್ಯಾಬಿನಲ್ಲಿ ಬಕೆಟ್ಟು, ಮಗ್ಗು ಇಟ್ಟುಕೊಂಡು ಪರೀಕ್ಷಿಸಿದೆವು. ಹನ್ನೆರಡು ಸಾಲೂ ಸರಿ ಬಂದವು. ಉಳಿದ ನಾಲ್ಕು ಬರುವಂತೆ ಬಕೆಟ್ಟಿನಲ್ಲಿ ಮಾಡಲು ಬರುವುದಿಲ್ಲವಲ್ಲ, ಬಿಟ್ಟೆವು.

ಹೋಗಿ ನೋಡಿದಾಗ ಟ್ಯಾಂಕ್ ಕಂಠಮಟ್ಟ. ಮಲ್ಟಿಮೀಟರ್ ಹಿಡಿದೆ. ಮೇಲಿನ ಕಡ್ಡಿ 4.6 ವೋಲ್ಟ್. ಕೆಳಗಿನದು, ಮೂರಡಿ ನೀರಿನಲ್ಲಿ ಮುಳುಗಿರುವುದು, 1.1. ಹುಡುಗ ಕೈ ಹಾಕಿ ಕಡ್ಡಿ ಎತ್ತಿದ. ಬೋರ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕೂರುತ್ತದಲ್ಲ ಬಿಳಿ ಕಿಟ್ಟ, ಅದೇ, ಸುತ್ತಲೂ ಚಿಪ್ಪಿನಂತೆ. ಯಜಮಾನರ ಮನೆಯಿಂದ ಅರ್ಧ ನಿಂಬೆಹಣ್ಣು ತರಿಸಿ ಉಜ್ಜಿದರೆ ನೊರೆ ಬಂತು. ಸುಣ್ಣ. ತೊಳೆದು ಬಿಟ್ಟ ಮೇಲೆ ಅದೂ 4.6 ತೋರಿಸಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಾವು ಕಾಮನ್ ಕಡ್ಡಿಗೆ ಪ್ಲಸ್ ಕೊಟ್ಟಿದ್ದರಿಂದ ಸೆನ್ಸರ್ ಕಡ್ಡಿಗಳು ಕ್ಯಾಥೋಡ್ ಆಗುತ್ತವೆ. ನೀರಿನಲ್ಲಿ ಡಿ.ಸಿ. ಹರಿದಾಗ ಕ್ಯಾಥೋಡಿನ ಮೈಸುತ್ತ ನೀರು ಕ್ಷಾರೀಯವಾಗುತ್ತದೆ, ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಅಲ್ಲಿಯೇ ಕಾರ್ಬೋನೇಟ್ ಆಗಿ ಕೂರುತ್ತದೆ. ಮೇಲಿನ ಕಡ್ಡಿ ದಿನಕ್ಕೆ ಸ್ವಲ್ಪ ಹೊತ್ತು ತೊಯ್ದು ಒಣಗುತ್ತದೆ, ಅದಕ್ಕೆ ಹೆಚ್ಚೇನೂ ಆಗುವುದಿಲ್ಲ. ಕೆಳಗಿನದು ಹಗಲೂ ರಾತ್ರಿ ನೀರಿನಲ್ಲಿ, ಕರೆಂಟು ಹರಿಯುತ್ತಲೇ ಇರುತ್ತದೆ. ಮೊದಲು ಕುರುಡಾಗುವುದು ಅದೇ. ಅಂದರೆ ಮೇಲಿನದು ನೀರು ಕಾಣುತ್ತದೆ, ಕೆಳಗಿನದು ಕಾಣುವುದಿಲ್ಲ. ನಾನು ಬರುವುದೇ ಇಲ್ಲ ಎಂದಿದ್ದ ಜೋಡಿ ಈ ವ್ಯವಸ್ಥೆ ಕೆಡುವಾಗ ಎಲ್ಲಕ್ಕಿಂತ ಮೊದಲು ಬರಬೇಕಾದ ಜೋಡಿ. ಮೂರು ತಿಂಗಳಲ್ಲಿ ಬಂತು.

ಬಂದಾಗ ಏನಾಯಿತು? ಕ ಸೊನ್ನೆ, ಸಂಪಿನಲ್ಲಿ ನೀರಿದೆ, ಆದ್ದರಿಂದ ಸ·ಕ′ ಒಂದು. ಪಂಪ್ ಶುರು. ಟ್ಯಾಂಕ್ ತುಂಬಿ ಮ ಒಂದಾಯಿತು, ಆದರೆ ಮೊದಲ ಪದದಲ್ಲಿ ಮ ಇಲ್ಲವೇ ಇಲ್ಲ. ಅದನ್ನೇ ತಾನೇ ನಾವು ಉಳಿತಾಯ ಮಾಡಿದ್ದು. ಮೇಲಿನ ಸೆನ್ಸರ್ ಗಂಟೆಗಟ್ಟಲೆ "ತುಂಬಿತು, ತುಂಬಿತು" ಎನ್ನುತ್ತಲೇ ಇತ್ತು, ಕೇಳಿಸಿಕೊಳ್ಳುವ ತಂತಿಯನ್ನು ಕಿತ್ತವರು ನಾವು. ಸರ್ಕ್ಯೂಟು ಅಷ್ಟು ಹೊತ್ತೂ ಹನ್ನೊಂದನೇ ಸಾಲಿನಲ್ಲಿತ್ತು. ಸಂಪ್ ಬರಿದಾದಾಗ ಸ ಸೊನ್ನೆಯಾಗಿ ಪಂಪ್ ನಿಂತಿತು. ಮೋಟರ್ ಉಳಿದದ್ದು ಆ ಒಂದು ಅಕ್ಷರದಿಂದ.

ಯಜಮಾನರ ಮುಂದೆ ನಿಂತು ಇದನ್ನೆಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಉಳಿಸಿದ್ರಿ?"

ಬೋರ್ಡ್ ಬಿಚ್ಚಿ ನೋಡಿದೆವು. ಸ·ಕ′ಗೆ ಬೇಕಾದದ್ದು ಎರಡು ಇನ್‌ಪುಟ್. ಗೇಟಿನಲ್ಲಿ ಇದ್ದದ್ದು ಮೂರು. ಸೀಮಾಸ್ ಐಸಿಯ ಇನ್‌ಪುಟ್ಟನ್ನು ಗಾಳಿಯಲ್ಲಿ ಬಿಡಬಾರದು ಎಂದು ಮೂರನೆಯದನ್ನೂ ಸ ಎಂಬ ಇನ್‌ಪುಟ್ಟಿಗೇ ಕಟ್ಟಿದ್ದರು. ಅದನ್ನು ಬಿಡಿಸಿ ಮ′ಗೆ ಬೆಸೆದರೆ ಆರಕ್ಷರದ ರೂಪ ಸಿದ್ಧ. ಮ′ ಬೇಕಾದದ್ದು ಎರಡನೇ ಪದಕ್ಕೂ ಹೌದು, ಆ ಇನ್ವರ್ಟರ್ ಆಗಲೇ ಇದೆ. ಐಸಿ ಉಳಿದಿಲ್ಲ, ಗೇಟ್ ಉಳಿದಿಲ್ಲ, ತಂತಿ ಕೂಡ ಉಳಿದಿಲ್ಲ. ಒಂದು ಪಿನ್ನಿನಿಂದ ಇನ್ನೊಂದು ಪಿನ್ನಿಗೆ ಹೋಗಬೇಕಾದ ತಂತಿ ಬೇರೆಡೆಗೆ ಹೋಗಿತ್ತು, ಅಷ್ಟೇ. ಎರಡು ಇನ್‌ಪುಟ್ಟಿನ ಗೇಟುಗಳಲ್ಲಿ ಕಟ್ಟಿದರೂ ಇದೇ ಕಥೆ: ಒಂದು ಸ·(ಕ′ + ಮ′·ಪ), ಇನ್ನೊಂದು ಸ·ಮ′·(ಕ′ + ಪ). ಎರಡರಲ್ಲೂ ನಾಲ್ಕಕ್ಷರ, ಮೂರು ಗೇಟು, ಎರಡು ಇನ್ವರ್ಟರ್. ಕೆ-ಮ್ಯಾಪಿನಲ್ಲಿ ಲಾಭ ಕಂಡಿತು, ಅಂಗಡಿ ಬಿಲ್ಲಿನಲ್ಲಿ ಕಾಣಲಿಲ್ಲ.

ವೀಚ್ 1952ರಲ್ಲಿ, ಬೆಲ್ ಲ್ಯಾಬ್ಸಿನ ಮಾರಿಸ್ ಕಾರ್ನೋ 1953ರಲ್ಲಿ ಈ ಮ್ಯಾಪುಗಳನ್ನು ಕೊಟ್ಟ ಕಾಲಕ್ಕೆ ಒಂದು ಅಕ್ಷರ ಎಂದರೆ ರಿಲೇಯ ಒಂದು ಕಾಂಟ್ಯಾಕ್ಟೋ, ಒಂದು ಡಯೋಡೋ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅಂಥವು ಸಾವಿರಗಟ್ಟಲೆ. ಅಲ್ಲಿ ಉಳಿತಾಯ ಉಳಿತಾಯವೇ. ನಾನು ಆ ಜಿಪುಣತನವನ್ನು ಮಾತ್ರ ಪಾಠ ಮಾಡುತ್ತ ಬಂದಿದ್ದೆ.

ಡೋಂಟ್ ಕೇರ್ ಬೇಡವೇ ಬೇಡ ಎಂದು ಇದರಿಂದ ಯಾರೂ ಎದ್ದು ಹೋಗಬಾರದು. × ಎಲ್ಲ ಒಂದೇ ಜಾತಿಯವಲ್ಲ. ಜೆಕೆ ಫ್ಲಿಪ್‌ಫ್ಲಾಪಿನ ಎಕ್ಸೈಟೇಶನ್ ಟೇಬಲ್ ತೆಗೆದುಕೊಳ್ಳಿ (ಫ್ಲಿಪ್‌ಫ್ಲಾಪ್ ಎಂದರೆ ಒಂದು 0 ಅಥವಾ 1 ನೆನಪಿಡುವ ಸರ್ಕ್ಯೂಟು, ಟೇಬಲ್ ಎಂದರೆ ಅದನ್ನು ಬೇಕಾದಂತೆ ಬದಲಿಸಲು ಜೆ, ಕೆ ಎಂಬ ಇನ್‌ಪುಟ್ಟುಗಳಿಗೆ ಏನು ಕೊಡಬೇಕು ಎಂಬ ಪಟ್ಟಿ): 0ಯಿಂದ 0ಗೇ ಇರಬೇಕೆಂದರೆ ಜೆ ಸೊನ್ನೆ ಇದ್ದರೆ ಸಾಕು, ಕೆ ಏನಾದರೂ ಆಗಲಿ. ಈ × ಅಪ್ಪಟ ಚಿನ್ನ. ಕೆ 0 ಆದರೆ ಹಾಗೇ ಇರುತ್ತದೆ, 1 ಆದರೆ ರೀಸೆಟ್ ಆಗಿ ಮತ್ತೆ 0. ಭರವಸೆ ಕೊಡುತ್ತಿರುವುದು ಫ್ಲಿಪ್‌ಫ್ಲಾಪ್ ತಾನೇ. ಬಿಸಿಡಿ (0ಯಿಂದ 9ರವರೆಗಿನ ಅಂಕಿಯನ್ನು ನಾಲ್ಕು 0-1ಗಳಲ್ಲಿ ಬರೆಯುವ ಕ್ರಮ) ಅಂಕಿಯಿಂದ ಸೆವೆನ್ ಸೆಗ್ಮೆಂಟ್ ಡಿಸ್‌ಪ್ಲೇ ಓಡಿಸುವಾಗ 10ರಿಂದ 15ರವರೆಗಿನ ಆರು × ಇನ್ನೊಂದು ಜಾತಿ. ಹಿಂದಿರುವ ಕೌಂಟರ್ ಒಂಬತ್ತರ ಮೇಲೆ ಹೋಗದಿರುವ ತನಕ ಸರಿ. ಕರೆಂಟ್ ಬಂದ ಕ್ಷಣದಲ್ಲಿ ಕೌಂಟರ್ ಹದಿಮೂರರಲ್ಲಿ ಎದ್ದು ಕೂತರೆ? 7447 ಐಸಿಗೆ ಹದಿಮೂರು ಕೊಟ್ಟು ನೋಡಿ, ಯಾವ ಅಂಕಿಯೂ ಅಲ್ಲದ ಒಂದು ಚಿತ್ರ ಬರುತ್ತದೆ. ಅದೇ ಕೆಲಸದ 4511ಕ್ಕೆ ಕೊಟ್ಟರೆ ಡಿಸ್‌ಪ್ಲೇ ಪೂರ್ತಿ ಆರಿಹೋಗುತ್ತದೆ. ಇಬ್ಬರು ವಿನ್ಯಾಸಕಾರರು ಅದೇ ಆರು ಸಾಲುಗಳಿಗೆ ಬೇರೆ ಬೇರೆ ಉತ್ತರ ಆರಿಸಿಕೊಂಡಿದ್ದಾರೆ. 1975ರ 6502 ಪ್ರೊಸೆಸರಿನಲ್ಲಿ 256 ಆದೇಶ ಸಂಕೇತಗಳ ಪೈಕಿ ಕೈಪಿಡಿಯಲ್ಲಿ ಇದ್ದದ್ದು 151. ಮಿಕ್ಕವಕ್ಕೆ ಡಿಕೋಡರಿನಲ್ಲಿ ಯಾರೂ ಬೇಲಿ ಹಾಕಿರಲಿಲ್ಲ, ಅವು ತಮಗೆ ತೋಚಿದ್ದು ಮಾಡುತ್ತಿದ್ದವು. ಪ್ರೋಗ್ರಾಮರುಗಳು ಅವನ್ನೂ ಹುಡುಕಿ ಬಳಸಿಕೊಂಡರು. ಮುಂದಿನ 65ಸಿ02ರಲ್ಲಿ ಅವುಗಳಲ್ಲಿ ಕೆಲವಕ್ಕೆ ಹೊಸ ಕೆಲಸ ಕೊಟ್ಟು ಉಳಿದವನ್ನು ಏನೂ ಮಾಡದ ಸಂಕೇತಗಳನ್ನಾಗಿ ಮಾಡಿದರು.

ನಮ್ಮ ಟ್ಯಾಂಕಿನ × ಮೂರನೇ ಜಾತಿ, ಎಲ್ಲಕ್ಕಿಂತ ಕಡೆ. ಅಲ್ಲಿ ಭರವಸೆ ಕೊಟ್ಟದ್ದು ನೀರು. ನೀರು ಮಾತಿಗೆ ತಪ್ಪಲಿಲ್ಲ. ಆದರೆ ಗೇಟಿಗೆ ಹೋಗುವುದು ನೀರಲ್ಲ, ಕಡ್ಡಿಯ ಸುದ್ದಿ. ಕಡ್ಡಿಯ ಪರವಾಗಿ ಯಾರೂ ಜಾಮೀನು ನಿಂತಿರಲಿಲ್ಲ.

ತಂತಿ ಬದಲಿಸಿ, ಕಡ್ಡಿ ತೊಳೆದು ಬಂದೆವು. ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ.

ಲ್ಯಾಬಿನಲ್ಲಿ ಈ ಸಲ ಕೆಳಗಿನ ಕಡ್ಡಿಯನ್ನು ಬೇಕೆಂದೇ ಬಿಚ್ಚಿಟ್ಟು ಬಕೆಟ್ ತುಂಬಿಸಿ ನೋಡಿದೆವು. ಮೇಲಿನ ಕಡ್ಡಿ ತೊಯ್ದ ಕೂಡಲೇ ಪಂಪ್ ನಿಂತಿತು, ಸರಿ. ಒಂದು ಲೋಟ ನೀರು ತೆಗೆದೆವು. ಮ ಸೊನ್ನೆಯಾಯಿತು, ಕ ಹೇಗೂ ಸೊನ್ನೆ, ಪಂಪ್ ಮತ್ತೆ ಶುರು. ಅರೆ ನಿಮಿಷಕ್ಕೆ ಮತ್ತೆ ನಿಂತಿತು. ಇನ್ನೊಂದು ಲೋಟ, ಮತ್ತೆ ಶುರು. ಕೆಳಗಿನ ಸೆನ್ಸರ್ ಸತ್ತರೆ ನಡುವಿನ ಅಂತರವೇ ಮಾಯ. ಹುಡುಗರು ಸ್ನಾನಕ್ಕೆ ನಿಲ್ಲುವ ಬೆಳಗಿನ ಹೊತ್ತು ಒಂದೂವರೆ ಎಚ್‌ಪಿ ಮೋಟರ್ ನಿಮಿಷಕ್ಕೆರಡು ಸಲ ಜರ್ಕು ತಿಂದರೆ ವೈಂಡಿಂಗ್ ಎಷ್ಟು ದಿನ ಬಾಳೀತು? ಅಷ್ಟೇ ಅಲ್ಲ, ಕಾಮನ್ ಕಡ್ಡಿ ತುಕ್ಕು ಹಿಡಿದು ಮುರಿದರೆ ಮ, ಕ ಎರಡೂ ಸೊನ್ನೆ. ಅದು ಡೋಂಟ್ ಕೇರ್ ಸಾಲೂ ಅಲ್ಲ, ಶುದ್ಧ "ಟ್ಯಾಂಕ್ ಖಾಲಿ" ಸಾಲು. ಎರಡೂ ರೂಪಗಳಲ್ಲಿ ನೀರು ಮತ್ತೆ ಬೀದಿಗೆ. × ಎಂಬ ಜಾಗಕ್ಕೆ 0 ತುಂಬಿದರೆ ಕ್ಷೇಮ ಎನ್ನುವುದೂ ಇನ್ನೊಂದು ಮೂಢನಂಬಿಕೆ.

ಆಗ ಯಜಮಾನರನ್ನೇ ಕೇಳಿದೆ. "ಏನಾದ್ರೂ ಕೆಟ್ಟರೆ ಟ್ಯಾಂಕ್ ಖಾಲಿಯಾಗೋದು ಮೇಲೋ, ತುಂಬಿ ಹರಿಯೋದು ಮೇಲೋ, ಯಜಮಾನ್ರೇ?"

ಅವರು ಯೋಚನೆಯನ್ನೂ ಮಾಡಲಿಲ್ಲ. "ಖಾಲಿಯಾಗ್ಲಿ ಬಿಡ್ರಿ. ನಲ್ಲೀಲಿ ನೀರು ಬರದಿದ್ರೆ ಹುಡುಗ್ರು ಐದು ನಿಮಿಷಕ್ಕೆ ಬಾಗಿಲು ಬಡೀತಾರೆ. ಹರಿದು ಹೋದ್ರೆ ಯಾವನು ಬಂದು ಹೇಳ್ತಾನೆ?"

ಈ ಉತ್ತರ ನನ್ನ ಟ್ರೂತ್ ಟೇಬಲ್ಲಿನಲ್ಲಿ ಎಲ್ಲೂ ಇರಲಿಲ್ಲ, ಇದ್ದಿದ್ದರೆ ಜನವರಿಯಲ್ಲೇ ಕೆಲಸ ಮುಗಿಯುತ್ತಿತ್ತು. ಕಡ್ಡಿಗಳನ್ನು ತೆಗೆದು ಕೇಬಲ್ ಫ್ಲೋಟ್ ಸ್ವಿಚ್ ಹಾಕಿದೆವು. ಮೇಲಿನದೂ ಕೆಳಗಿನದೂ ನೀರು ತಾಗಿದಾಗ ತೆರೆದುಕೊಳ್ಳುವಂತೆ ಕಟ್ಟಿ, ತೆರೆದದ್ದನ್ನು 1 ಎಂದು ಓದಿಸಿದೆವು. ಈಗ ಯಾವ ತಂತಿ ತುಂಡಾದರೂ, ಇಲಿ ಕಡಿದರೂ, ಸರ್ಕ್ಯೂಟಿಗೆ ಕೇಳಿಸುವುದು "ನೀರಿದೆ" ಎಂದೇ, ಪಂಪ್ ಶುರುವಾಗುವುದಿಲ್ಲ. ಸಂಪಿನದನ್ನು ತಿರುಗಾ ಮುರುಗಾ: ನೀರಿದ್ದಾಗ ಮುಚ್ಚಿಕೊಳ್ಳುತ್ತದೆ, ತಂತಿ ಹೋದರೆ "ಸಂಪ್ ಖಾಲಿ". ತರ್ಕ ಆರಕ್ಷರದ್ದೇ ಉಳಿಯಿತು.

ಫ್ಲೋಟ್ ಸಿಕ್ಕಿಹಾಕಿಕೊಂಡರೆ 8ರಿಂದ 11ರ ಸಾಲು ಈಗಲೂ ಬರಬಹುದು. ಅದಕ್ಕೆ ಹೊಳಲ್ಕೆರೆಯ ಹುಡುಗಿ ಮಾಡಿದ್ದು ನನಗೆ ಇಡೀ ಪ್ರಾಜೆಕ್ಟಿನಲ್ಲಿ ಅತ್ಯಂತ ಇಷ್ಟವಾದ ಭಾಗ. ಆ ಸಾಲುಗಳನ್ನು ಗುರುತಿಸಲು ಇನ್ನೊಂದು ಐಸಿ ಬೇಕಲ್ಲ ಎಂದು ನಾನು ಗೊಣಗುತ್ತಿದ್ದೆ. ಅವಳು ಒಂದು ಕೆಂಪು ಎಲ್‌ಇಡಿ ತೆಗೆದುಕೊಂಡು, ಒಂದು ಕಾಲನ್ನು ಕ′ ಕೊಡುವ ಇನ್ವರ್ಟರಿಗೆ, ಇನ್ನೊಂದನ್ನು ಮ′ ಕೊಡುವ ಇನ್ವರ್ಟರಿಗೆ ಕಟ್ಟಿದಳು. ನಡುವೆ 680 ಓಮ್ ರೆಸಿಸ್ಟರ್, ಉಲ್ಟಾ ವೋಲ್ಟೇಜ್ ತಡೆಯಲು ಒಂದು ಡಯೋಡ್. ಕ′ 1 ಆಗಿ ಮ′ 0 ಆದಾಗ ಮಾತ್ರ ಕರೆಂಟು ಹರಿಯುತ್ತದೆ. ಅಂದರೆ ಕ 0, ಮ 1. ಹರಪನಹಳ್ಳಿಯವನು ಪಕ್ಕದಲ್ಲಿ ನಿಂತು, "ಸರ್, ಇದು ನಂದೇ ಪದ. ಮ·ಕ′. ಅನವಶ್ಯಕ ಅಂದಿದ್ರಿ" ಎಂದ. ಅಂಕ ವಾಪಸ್ ಕೊಟ್ಟೆ.

ಈಗ ತರಗತಿಯಲ್ಲಿ × ಬರೆಯುವವರು ಅದರ ಪಕ್ಕದಲ್ಲಿ ಭರವಸೆ ಯಾರದ್ದು ಎಂದೂ ಬರೆಯಬೇಕು: ಫ್ಲಿಪ್‌ಫ್ಲಾಪಿನದ್ದೋ, ಕೌಂಟರಿನದ್ದೋ, ತಂತಿಯದ್ದೋ. ಬರೆಯಲಾಗದಿದ್ದರೆ ಅದು 0 ಅಥವಾ 1, ಯಾವುದು ಎಂದು ಬಳಸುವವರನ್ನು ಕೇಳಿ ಬರಬೇಕು. ಮೊದಲ ವಾರ ಹುಡುಗರು ಗೊಣಗಿದರು.

ದೀಪವನ್ನು ಮೆಟ್ಟಿಲ ಬುಡದಲ್ಲಿ ಕೂರಿಸಿದ್ದೇವೆ, ಯಜಮಾನರು ಬೆಳಗ್ಗೆ ಹಾಲಿಗೆ ಹೋಗುವ ದಾರಿಯಲ್ಲಿ. ಶ್ರಾವಣದಲ್ಲಿ ಒಂದು ದಿನ ಅವರೇ ಫೋನ್ ಮಾಡಿದರು, ಈ ಸಲ ಏಳೂವರೆಗೆ. "ಮೇಷ್ಟ್ರೇ, ನಿಮ್ಮ ಬರದೇ ಇರೋ ಸಾಲು ಬಂದೈತಿ." ಹುಡುಗ ಮೇಲೆ ಹತ್ತಿ ನೋಡಿದ. ಕೆಳಗಿನ ಫ್ಲೋಟಿನ ಕೇಬಲ್ ಟ್ಯಾಂಕಿನೊಳಗಿನ ಪೈಪಿಗೆ ಸುತ್ತಿಕೊಂಡು ತಲೆಕೆಳಗಾಗಿ ಜೋತಾಡುತ್ತಿತ್ತು. ಬಿಡಿಸಿ, ಎರಡು ಕಡೆ ಟ್ಯಾಗ್ ಹಾಕಿ ಬಿಗಿದು ಇಳಿದು ಬಂದ.